ಕೈಗೆಲಸದ ಬಹುಮಾನ ಯಾರಿಗೆ ಸಲ್ಲಬೇಕು?

ಕಳೆದ ವರ್ಷ ನಮ್ಮ ಶಾಲೆಯ ಕೈಗೆಲಸದ ಪ್ರದರ್ಶನದಲ್ಲಿ ತೀರ್ಪುಗಾರರಾಗಿ ಕುಳಿತಿದ್ದ ನಾವು ಮೂವರು ಒಂದು ತಪ್ಪು ಮಾಡಿದೆವು. ಅದನ್ನು ಈ ವಾರ್ಷಿಕ ಸಂಚಿಕೆಯಲ್ಲಿಯೇ ಒಪ್ಪಿಕೊಳ್ಳುವುದು ಉಚಿತವೆಂದು ನಮಗೆ ತೋರುತ್ತದೆ. ಏಕೆಂದರೆ ಬಹುಮಾನವನ್ನು ತುಂಬಿದ ಸಭೆಯಲ್ಲಿ ಕೊಟ್ಟು, ತಪ್ಪನ್ನು ಮಾತ್ರ ಉಪಾಧ್ಯಾಯರ ಕೊಠಡಿಯೊಳಗೆ ಒಪ್ಪಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ.

ಲೋಹದ ಕೆಲಸಗಳ ಮೇಜಿನ ಮೇಲೆ ಆ ದಿನ ಎರಡೇ ವಸ್ತುಗಳಿದ್ದವು. ಒಂದು, ನೀಲಿ ಮಖಮಲ್ಲಿನ ಹಲಗೆಯ ಮೇಲೆ ಕೂರಿಸಿದ ಹಿತ್ತಾಳೆಯ ಕಮಲ. ಇನ್ನೊಂದು, ಅಂಗೈಯಗಲದ ಹಿತ್ತಾಳೆಯ ಮಾವಿನಕಾಯಿ. ನಮ್ಮ ಮನೆಗಳ ರೇಷ್ಮೆಸೀರೆಯ ಸೆರಗಿನಲ್ಲಿ ಕಾಣುತ್ತೇವಲ್ಲ, ಆ ಬಾಗಿದ ಕೊರಳಿನ ಆಕೃತಿ, ಒಳಗೆ ಒಂದು ಬಳ್ಳಿಯನ್ನು ಕೊರೆದು ತೆಗೆದದ್ದು. ಕಮಲದ ಎಸಳುಗಳು ಕೂದಲೆಳೆಯಷ್ಟೂ ಹೆಚ್ಚು ಕಡಮೆಯಿಲ್ಲದೆ ಸಮವಾಗಿದ್ದವು. ಮಾವಿನಕಾಯಿಯ ಜೊತೆಗೆ ಅದರ ಮೂಲ ಕಾಗದದ ಚಿತ್ರವನ್ನೂ ಇಟ್ಟಿದ್ದರು. ಹೋಲಿಸಿ ನೋಡಿದರೆ ಲೋಹದ ಕೊರಳು ಚಿತ್ರದ ಕೊರಳಿಗಿಂತ ತೆಳ್ಳಗಾಗಿತ್ತು. ಬಳ್ಳಿಯ ಒಂದು ಮೂಲೆಯಲ್ಲಿ ಗರಗಸದ ಹಲ್ಲಿನ ಗುರುತು ಇನ್ನೂ ಉಳಿದಿತ್ತು. ನಾವು ಹೆಚ್ಚು ಹೊತ್ತು ಯೋಚಿಸಲಿಲ್ಲ. ‘ಅಳತೆ ತಪ್ಪಿದೆ’ ಎಂದು ಬರೆದು ಮಾವಿನಕಾಯಿಯ ಅಂಕಗಳನ್ನು ಕಡಿದೆವು. ಕಮಲಕ್ಕೆ ಮೊದಲನೆಯ ಬಹುಮಾನವನ್ನು ಘೋಷಿಸಿದೆವು.

ಕೆಲವು ದಿನಗಳ ಮೇಲೆ, ಸಿಕಂದರಾಬಾದಿನ ಅಂಗಡಿಯೊಂದರ ಗಾಜಿನ ಹಿಂದೆ ಅದೇ ಕಮಲವನ್ನು ಕಂಡೆವು. ಒಂದಲ್ಲ, ಐದು. ಐದರಲ್ಲಿಯೂ ಎಡಗಡೆಯ ಮೂರನೆಯ ಎಸಳಿನ ತುದಿಯಲ್ಲಿ ಅದೇ ಒಂದು ಸಣ್ಣ ಅಲೆಯಿತ್ತು. ಯಂತ್ರದ ಬೆಳಕಿನ ಕಿರಣ, ಎಂದರೆ ಲೇಸರ್, ಒಂದೇ ನಕ್ಷೆಯ ಮೇಲೆ ಐದು ಸಲ ಓಡಿದ್ದರಿಂದ ಅದೇ ಅಲೆ ಐದು ಸಲ ಬಂದಿತ್ತು. ನಮ್ಮ ವಿದ್ಯಾರ್ಥಿಯು ಮಾಡಿದ್ದು ಮಖಮಲ್ಲಿನ ಹಲಗೆಯನ್ನು ಮಾತ್ರ. ಅವನು ಸುಳ್ಳು ಹೇಳಿದನೆಂದು ಯಾರೂ ಭಾವಿಸಬಾರದು. ‘ಇದನ್ನು ಕತ್ತರಿಸಿದವರು ಯಾರು?’ ಎಂದು ನಾವು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಅವನು ಉತ್ತರ ಹೇಳಲಿಲ್ಲ. ತಪ್ಪು ಕೇಳದವರದು.

ಇಷ್ಟರಿಂದಲೇ ನಮ್ಮ ಅಜ್ಞಾನವು ನಮಗೆ ತಿಳಿಯಲಿಲ್ಲ. ಮಾವಿನಕಾಯಿಯನ್ನು ಕತ್ತರಿಸಿದ ಒಂಬತ್ತನೆಯ ತರಗತಿಯ ಹುಡುಗಿಯು ಆ ಕೆಲಸವನ್ನು ಕಲಿತದ್ದು ಮಲ್ಕಾಜ್‌ಗಿರಿಯ ಒಂದು ಓಣಿಯ ಚಿಕ್ಕ ಕಾರ್ಖಾನೆಯಲ್ಲಿ. ಬಾಗಿಲ ಫಲಕಗಳು, ದೇವರ ಮಂಟಪದ ತಗಡಿನ ತೋರಣಗಳು, ಹಳೆಯ ಬೀರುವಿನ ಹಿಡಿಗಳು ಇವೆಲ್ಲ ಅಲ್ಲಿ ತಯಾರಾಗುತ್ತವೆ. ನಾವು ಮೂವರೂ ಒಂದು ಭಾನುವಾರ ಅಲ್ಲಿಗೆ ಹೋದೆವು. ತೀರ್ಪು ಹೇಳಿದ ಮೇಲೆ ಪಾಠ ಕಲಿಯಲು ಹೋದದ್ದು ಕ್ರಮ ತಪ್ಪಿದ ಮಾತೇ ಸರಿ. ಕಾರ್ಖಾನೆಯ ಹಿರಿಯ ಕೆಲಸಗಾರರು ನಮ್ಮ ಕೈಗೆ ಒಂದು ತುಂಡು ಹಿತ್ತಾಳೆಯ ತಗಡನ್ನೂ ಒಂದು ತಂತಿಗರಗಸವನ್ನೂ ಕೊಟ್ಟು, ನೇರವಾದ ಗೆರೆಯೊಂದನ್ನು ಕೊಯ್ಯಿರೆಂದರು. ಬಾಗಿದ ಗೆರೆಯಲ್ಲ, ನೇರವಾದದ್ದು.

ತಂತಿಗರಗಸದ ಅಲಗು ದಪ್ಪನೆಯ ದಾರಕ್ಕಿಂತ ಹೆಚ್ಚು ಅಗಲವಿರುವುದಿಲ್ಲ. ಅದನ್ನು ಚೌಕಟ್ಟಿನಲ್ಲಿ ವೀಣೆಯ ತಂತಿಯಂತೆ ಬಿಗಿಯಬೇಕು. ಬೆರಳಿನಿಂದ ಮೀಟಿದರೆ ನಾದ ಬರಬೇಕು. ಹಲ್ಲುಗಳು ಹಿಡಿಯ ಕಡೆಗೆ ಮುಖಮಾಡಿರಬೇಕು; ಕೆಳಗೆ ಎಳೆದಾಗ ಮಾತ್ರ ಅದು ಕೊಯ್ಯುತ್ತದೆ, ಮೇಲೆ ಹೋಗುವಾಗ ಸುಮ್ಮನೆ ಹೋಗುತ್ತದೆ. ತಗಡಿನ ದಪ್ಪದೊಳಗೆ ಒಂದೇ ಕಾಲದಲ್ಲಿ ಎರಡು ಮೂರು ಹಲ್ಲುಗಳಾದರೂ ಕಚ್ಚಿಕೊಂಡಿರುವಂತೆ ಅಲಗನ್ನು ಆರಿಸಬೇಕು. ಇಲ್ಲವಾದರೆ ತಗಡಿನ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿ ಅಲಗು ಮುರಿಯುತ್ತದೆ. ಮೇಜಿನ ಅಂಚಿಗೆ, ಕವಲಿನಂತೆ ಸೀಳಿದ ಒಂದು ಮರದ ತುಂಡನ್ನು ಬಿಗಿದಿರುತ್ತಾರೆ. ತಗಡು ಅದರ ಮೇಲೆ ಕೂರುತ್ತದೆ, ಅಲಗು ಸೀಳಿನ ನಡುವೆ ಆಡುತ್ತದೆ. ನೆಟ್ಟಗೆ ನಿಂತು ಅಲಗನ್ನು ಮುಂದಕ್ಕೆ ನೂಕಿದರೆ ಕೆಟ್ಟಿತು. ಕೈ ಮೇಲೆ ಕೆಳಗೆ ಮಾತ್ರ ಹೋಗಬೇಕು. ಮುಂದೆ ಹೋಗುವ ಕೆಲಸವನ್ನು ಗರಗಸವು ತಾನೇ ಮಾಡಿಕೊಳ್ಳುತ್ತದೆ. ತಿರುವು ಬಂದಲ್ಲಿ ಅಲಗನ್ನು ನಿಂತಲ್ಲಿಯೇ ಆಡಿಸುತ್ತ, ಕೊಯ್ಯದೆ, ತಗಡನ್ನು ಮೆಲ್ಲನೆ ತಿರುಗಿಸಬೇಕು. ಈ ‘ಕೊಯ್ಯದೆ ಆಡಿಸುವುದು’ ಕೇಳುವುದಕ್ಕೆ ಸುಲಭ. ನಮ್ಮಲ್ಲೊಬ್ಬರು ಒಂದೇ ತಿರುವಿನಲ್ಲಿ ನಾಲ್ಕು ಅಲಗುಗಳನ್ನು ಮುರಿದರು. ಅವರು ಗಣಿತದ ಉಪಾಧ್ಯಾಯರೆಂಬುದನ್ನು ಇಲ್ಲಿ ಹೇಳಬಾರದಾಗಿತ್ತು, ಹೇಳಿಯಾಯಿತು.

ಒಳಗಿನ ಬಳ್ಳಿಯನ್ನು ಕೊರೆಯುವ ಬಗೆ ಬೇರೆ. ತಗಡಿನ ಹೊರಗಿನ ಅಂಚನ್ನು ಕೆಡಿಸದೆ ಒಳಗನ್ನು ತೆಗೆಯಬೇಕಾದರೆ ಮೊದಲು ಒಂದು ರಂಧ್ರ ಬೇಕು. ಬೈರಿಗೆಯ ಮೊನೆ ಜಾರದಿರಲೆಂದು ಚೂಪಾದ ಉಳಿಯಿಂದ ಒಂದು ಚುಕ್ಕೆ ಹೊಡೆದು, ಅದರಲ್ಲಿ ರಂಧ್ರ ಕೊರೆದು, ಗರಗಸದ ಅಲಗಿನ ಒಂದು ತುದಿಯನ್ನು ಚೌಕಟ್ಟಿನಿಂದ ಬಿಚ್ಚಿ, ಆ ರಂಧ್ರದೊಳಗಿಂದ ಸೂಜಿಗೆ ದಾರ ಪೋಣಿಸಿದಂತೆ ಪೋಣಿಸಿ, ಮತ್ತೆ ಬಿಗಿದು, ಒಳಗಿನ ಆಕೃತಿಯನ್ನು ಕೊಯ್ದು, ಮತ್ತೆ ಬಿಚ್ಚಿ ತೆಗೆಯಬೇಕು. ಬಳ್ಳಿಯಲ್ಲಿ ಹದಿನೇಳು ಕಂಡಿಗಳಿದ್ದವು. ಎಂದರೆ ಆ ಹುಡುಗಿಯು ಹದಿನೇಳು ಸಲ ಅಲಗನ್ನು ಬಿಚ್ಚಿ ಪೋಣಿಸಿ ಬಿಗಿದಿದ್ದಾಳೆ. ಪ್ರದರ್ಶನದ ದಿನ ನಾವು ಆ ಕಂಡಿಗಳನ್ನು ಎಣಿಸಿರಲಿಲ್ಲ.

ಕೊರಳು ತೆಳ್ಳಗಾದದ್ದು ಹೇಗೆಂದು ಕಾರ್ಖಾನೆಯಲ್ಲಿಯೇ ತಿಳಿಯಿತು. ಗರಗಸದವರ ನಿಯಮವೇನೆಂದರೆ, ಗೆರೆಯ ಹೊರಗೆ ಕೊಯ್ಯಬೇಕು, ಗೆರೆಯವರೆಗೆ ಅರದಿಂದ ತರಬೇಕು. ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದರೆ ತೇಪೆ ಹಾಕಬಹುದು. ಮಣ್ಣಿನ ಗೊಂಬೆಯಲ್ಲಿ ಕಿತ್ತುಹೋದದ್ದನ್ನು ಮತ್ತೆ ಅಂಟಿಸಬಹುದು. ತಗಡಿನಿಂದ ಹೋದದ್ದು ಹೋಯಿತು. ಹುಡುಗಿಯ ಗರಗಸವು ಕೊರಳಿನ ಬಲಗಡೆಯಲ್ಲಿ ಒಮ್ಮೆ ಗೆರೆಯ ಒಳಕ್ಕೆ ಜಾರಿತು. ಅವಳು ಆ ತಗಡನ್ನು ಎಸೆಯಲಿಲ್ಲ. ಬಲಗಡೆ ಎಷ್ಟು ಒಳಗೆ ಹೋಗಿತ್ತೋ ಅಷ್ಟನ್ನೇ ಎಡಗಡೆಯಿಂದಲೂ ಅರದಿಂದ ತೆಗೆದು, ಬಾಗು ಎಲ್ಲಿಯೂ ಮುರಿಯದಂತೆ ಮೇಲಿನಿಂದ ಕೆಳಗಿನವರೆಗೆ ಹೊಸ ಗೆರೆಯೊಂದನ್ನು ತಾನೇ ಕಂಡುಕೊಂಡಳು. ನಾವು ‘ಅಳತೆ ತಪ್ಪಿದೆ’ ಎಂದು ಬರೆದ ಜಾಗದಲ್ಲಿಯೇ ಇಡೀ ಕೆಲಸದ ಅತ್ಯಂತ ಬುದ್ಧಿವಂತಿಕೆಯ ಭಾಗವಿತ್ತು. ಕಾಗದದ ಚಿತ್ರವನ್ನು ಪಕ್ಕದಲ್ಲಿ ಇಟ್ಟದ್ದು ಅವಳ ಪ್ರಾಮಾಣಿಕತೆ. ಅದನ್ನು ನಾವು ಅವಳ ವಿರುದ್ಧದ ಸಾಕ್ಷಿಯನ್ನಾಗಿ ಮಾಡಿಕೊಂಡೆವು.

ಅರದ ವಿಚಾರವನ್ನು ಸ್ವಲ್ಪ ಹೇಳಲೇಬೇಕು. ಕತ್ತರಿಸುವುದಕ್ಕೆ ಒಂದು ಗಂಟೆ ಹಿಡಿದರೆ ಒಪ್ಪವಿಡುವುದಕ್ಕೆ ಮೂರು ಗಂಟೆ ಹಿಡಿಯಿತೆಂದು ಅವಳು ಹೇಳಿದಳು. ಚಪ್ಪಟೆ ಅರ, ಅರೆದುಂಡು ಅರ, ಮುಮ್ಮೂಲೆಯ ಅರ, ಇಲಿಬಾಲದಂಥ ದುಂಡರ ಹೀಗೆ ಅರಗಳಲ್ಲಿ ಜಾತಿಗಳುಂಟು. ಒಳಬಾಗಿಗೆ ದುಂಡನೆಯದು, ಹೊರಬಾಗಿಗೆ ಚಪ್ಪಟೆಯದು. ಅರವು ಮುಂದಕ್ಕೆ ನೂಕಿದಾಗ ಕೊರೆಯುತ್ತದೆ. ಹಿಂದಕ್ಕೆ ತರುವಾಗ ಎತ್ತಿ ತರಬೇಕು. ಹಲ್ಲುಗಳ ನಡುವೆ ಹಿತ್ತಾಳೆಯ ಪುಡಿ ತುಂಬದಿರಲೆಂದು ಸೀಮೆಸುಣ್ಣವನ್ನು ಅರಕ್ಕೆ ತಿಕ್ಕುತ್ತಾರೆ. ನಮ್ಮ ತರಗತಿಗಳಲ್ಲಿ ನೆಲದ ಮೇಲೆ ಉರುಳುವ ಸೀಮೆಸುಣ್ಣದ ತುಂಡುಗಳಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ. ಅರವು ಮಾಡಿದ ಗೀರನ್ನು ಒರಟಾದ ಉಜ್ಜುಕಾಗದವು ತೆಗೆಯುತ್ತದೆ, ಒರಟು ಕಾಗದದ ಗೀರನ್ನು ನಯವಾದದ್ದು ತೆಗೆಯುತ್ತದೆ. ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡವಾಗಿ ಉಜ್ಜಬೇಕು. ಆಗ ಹಳೆಯ ಗೀರು ಉಳಿದಿದ್ದರೆ ಹೊಸ ಗೀರಿಗೆ ಅಡ್ಡವಾಗಿ ಕಣ್ಣಿಗೆ ಬೀಳುತ್ತದೆ. ಅವಸರದಲ್ಲಿ ಒಂದು ಮೆಟ್ಟಿಲನ್ನು ಹಾರಿದವನು ಕೊನೆಯಲ್ಲಿ ಎಷ್ಟೇ ಹೊಳಪು ಹಚ್ಚಿದರೂ ಆ ಗೀರು ಹೊಳಪಿನೊಳಗಿಂದಲೇ ಇಣುಕುತ್ತದೆ. ಕಡೆಗೆ ಹುಣಸೆಹಣ್ಣು. ಹುಣಸೆಯ ಹುಳಿಯು ಹಿತ್ತಾಳೆಯ ಮೇಲಿನ ಮಬ್ಬು ಪೊರೆಯನ್ನು ಕರಗಿಸುತ್ತದೆಂಬುದು ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರದ ಪುಸ್ತಕವಿಲ್ಲದೆಯೇ ತಿಳಿದಿತ್ತು.

ಇದೆಲ್ಲವೂ ಹೊಸ ಮಾತಲ್ಲ. ಹೈದರಾಬಾದಿನಿಂದ ವಿಕಾರಾಬಾದು, ಜಹೀರಾಬಾದುಗಳ ಮೂಲಕ ರೈಲಿನಲ್ಲಿ ಹೋದರೆ ಕರ್ನಾಟಕದ ಗಡಿ ದಾಟಿದ ಕೂಡಲೇ ಸಿಕ್ಕುವ ಬೀದರಿನಲ್ಲಿ ಇದೇ ಕೆಲಸವನ್ನು ಶತಮಾನಗಳಿಂದ ಮಾಡುತ್ತ ಬಂದಿದ್ದಾರೆ. ಬೀದರ್ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದೊಳಗೇ ಇತ್ತು. ನಮ್ಮಲ್ಲಿ ಅನೇಕರ ಮನೆಯ ಹಿರಿಯರು ಆ ಜಿಲ್ಲೆಯಿಂದ, ಕಲಬುರಗಿಯಿಂದ, ರಾಯಚೂರಿನಿಂದ ಈ ನಗರಕ್ಕೆ ಬಂದವರು. ಆದಕಾರಣ ಬಿದರಿಯ ಕೆಲಸವನ್ನು ನಾವು ದೂರದ ವಿಶೇಷವೆಂದು ನೋಡಬೇಕಾಗಿಲ್ಲ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಕಾಲದಲ್ಲಿ ಇರಾನಿನ ಕುಶಲಿಗಳು ಈ ವಿದ್ಯೆಯನ್ನು ಇಲ್ಲಿಗೆ ತಂದರೆಂದು ಐತಿಹ್ಯ. ಬಂದದ್ದು ಎಲ್ಲಿಂದಲೇ ಆಗಲಿ, ಹೆಸರು ಮಾತ್ರ ನಮ್ಮ ಊರಿನದೇ ಆಗಿ ನಿಂತಿತು.

ಹಿತ್ತಾಳೆಯಲ್ಲಿ ತಾಮ್ರ ಹೆಚ್ಚು, ಸತು ಕಡಮೆ. ಬಿದರಿಯಲ್ಲಿ ಅದೇ ಎರಡು ಲೋಹಗಳು, ಆದರೆ ತಲೆಕೆಳಗಾದ ಪ್ರಮಾಣದಲ್ಲಿ: ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತುವು 419 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯು ಹೊರಬಂದಾಗ ಬೂದುಬಣ್ಣವಾಗಿ, ಒರಟಾಗಿ, ನೋಡಲು ಏನೂ ಚೆಂದವಿಲ್ಲದೆ ಇರುತ್ತದೆ. ಅಲ್ಲಿಂದ ಮುಂದೆ ಅರವೇ ದೊರೆ. ಅರದಿಂದ ತಿಕ್ಕಿ ನಯಮಾಡಿದ ಮೈಗೆ ಮೈಲುತುತ್ತದ ನೀರನ್ನು ಬಳಿಯುತ್ತಾರೆ, ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕುಶಲಿಯು ಚೂಪಾದ ಮೊನೆಯಿಂದ ಕೈಯಾರೆ ಬಳ್ಳಿಯನ್ನೋ ಹೂವನ್ನೋ ಬರೆಯುತ್ತಾನೆ. ಬರೆದ ಗೆರೆಯನ್ನು ಉಳಿಗಳಿಂದ ಕೆತ್ತುತ್ತಾನೆ. ಕೆತ್ತಿದ ತಗ್ಗಿಗೆ ಶುದ್ಧ ಬೆಳ್ಳಿಯನ್ನು ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾನೆ. ಇಡುವ ಬೆಳ್ಳಿ ತಂತಿಯಾಗಿದ್ದರೆ ಅದನ್ನು ತಾರ್‌ಕಶಿ ಎನ್ನುತ್ತಾರೆ, ತಗಡಾಗಿದ್ದರೆ ತೆಹನಿಶಾನ್.

ನಮ್ಮ ಹುಡುಗಿಯ ಮಾವಿನಕಾಯಿಗೆ ಹತ್ತಿರದ ನಂಟು ಈ ತೆಹನಿಶಾನಿನದು. ತೆಳ್ಳನೆಯ ಬೆಳ್ಳಿಯ ಹಾಳೆಯನ್ನು ಕೆತ್ತಿದ ತಗ್ಗಿನ ಮೇಲಿಟ್ಟು ಒತ್ತಿದರೆ ತಗ್ಗಿನ ಅಂಚು ಹಾಳೆಯ ಮೇಲೆ ಮೂಡುತ್ತದೆ. ಆ ಗುರುತಿನ ಉದ್ದಕ್ಕೂ ಎಸಳನ್ನು ಕತ್ತರಿಸಿ, ತಿರುಗಿ ಅದೇ ತಗ್ಗಿನೊಳಗೆ ಇಟ್ಟು ಬಡಿಯಬೇಕು. ಚಿಕ್ಕದಾಗಿ ಕತ್ತರಿಸಿದರೆ ಸಂದಿ ಉಳಿಯುತ್ತದೆ, ದೊಡ್ಡದಾದರೆ ಕೂರುವುದಿಲ್ಲ. ಒಂದು ಹೂವಿನ ಎಸಳು ಇನ್ನೊಂದು ಹೂವಿಗೆ ಆಗದು, ಏಕೆಂದರೆ ಎರಡು ತಗ್ಗುಗಳನ್ನೂ ಕೆತ್ತಿದ್ದು ಕೈ. ನಾವು ಸಿಕಂದರಾಬಾದಿನಲ್ಲಿ ಕಂಡ ಐದು ಕಮಲಗಳ ಎಸಳುಗಳನ್ನು ಅದಲು ಬದಲು ಮಾಡಬಹುದಾಗಿತ್ತು.

ಬೆಳ್ಳಿ ಕೂತ ಮೇಲೆ ಮತ್ತೆ ಅರ, ಮತ್ತೆ ಉಜ್ಜುವಿಕೆ. ಮೊದಲು ಬಳಿದ ಕಪ್ಪೆಲ್ಲ ಹೋಗಿ, ಬೂದು ಮೈಯಲ್ಲಿ ಬೆಳ್ಳಿಯು ಕಂಡೂ ಕಾಣದಂತಾಗುತ್ತದೆ. ಆಗ ಬೀದರ್ ಕೋಟೆಯ ಮಣ್ಣು ಬರುತ್ತದೆ. ಕೋಟೆಯ ಹಳೆಯ ಭಾಗಗಳಲ್ಲಿ ಬಿಸಿಲು ಮಳೆ ತಾಗದ ಜಾಗದಿಂದ ತಂದ ಮಣ್ಣನ್ನು ಕುಶಲಿಗಳು ನಾಲಗೆಗೆ ಹಚ್ಚಿಕೊಂಡು ಪರೀಕ್ಷಿಸುತ್ತಾರೆ. ಆ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಹದವಾಗಿ ಕಾಯಿಸಿದ ಪಾತ್ರೆಗೆ ಹಚ್ಚಿದರೆ ಮೈಯೆಲ್ಲ ಮಸಿಯಂತೆ ಕಪ್ಪಾಗುತ್ತದೆ. ಬೆಳ್ಳಿಯೊಂದು ಮಾತ್ರ ಬೆಳ್ಳಗೇ ಉಳಿಯುತ್ತದೆ. ಸತುವಿನೊಡನೆ ಬೆರೆತ ಆ ಒಂದು ಪಾಲು ತಾಮ್ರವಿಲ್ಲದಿದ್ದರೆ ಈ ಕಪ್ಪು ಹುಟ್ಟುವುದಿಲ್ಲ. ತೊಳೆದು, ಎಣ್ಣೆ ಸವರಿದರೆ ಕೆಲಸ ಮುಗಿಯಿತು. ಮೊದಲನೆಯ ಕಪ್ಪು ಗೆರೆ ಕಾಣಲೆಂದು, ಕೊನೆಯ ಕಪ್ಪು ಬೆಳ್ಳಿ ಕಾಣಲೆಂದು. ನಡುವೆ ಅರದ ಕೆಲಸ ಎರಡು ಸಲ ನಡೆದದ್ದು ಕೊಂಡವನಿಗೆ ಎಲ್ಲಿಯೂ ಕಾಣುವುದಿಲ್ಲ. ಕಂಡರೆ ಕೆಲಸ ಕೆಟ್ಟಿದೆಯೆಂದು ಅರ್ಥ.

ಕಾಣದ ಈ ಕೆಲಸಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮಗಿಲ್ಲ. ಪ್ರದರ್ಶನ ಮಳಿಗೆಗಳಲ್ಲಿ ಬಿದರಿಯ ಹೂದಾನಿಯನ್ನು ಕೈಗೆತ್ತಿಕೊಂಡು, ‘ಇಷ್ಟು ಚಿಕ್ಕದಕ್ಕೆ ಇಷ್ಟೊಂದೆ?’ ಎಂದು ಚೌಕಾಸಿಗಿಳಿಯುವ ನಮ್ಮವರನ್ನು ನೋಡಿದ್ದೇವೆ. ನಾವೂ ಹಾಗೆ ಮಾಡಿದ್ದೇವೆ. ಬೆಳ್ಳಿಯ ಬೆಲೆ ಏರಿದಂತೆಲ್ಲ ಕುಶಲಿಯ ಕೂಲಿಯೇ ಕರಗುತ್ತದೆ, ಏಕೆಂದರೆ ಬೆಳ್ಳಿಯ ವ್ಯಾಪಾರಿಯೊಡನೆ ಅವನು ಚೌಕಾಸಿ ಮಾಡಲಾರ, ನಾವು ಅವನೊಡನೆ ಮಾಡುತ್ತೇವೆ. ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಬೀದರಿನ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇವು ಸಂತೋಷದ ಸಂಗತಿಗಳೇ. ಆದರೆ ಗೌರವ ಸಲ್ಲುವುದು ಒಬ್ಬರಿಗೆ. ಚೌಕಾಸಿ ನಡೆಯುವುದು ಎಲ್ಲರೊಡನೆ. ಒಂದು ಗೆರೆಯನ್ನಾದರೂ ತಾನೇ ಕೊಯ್ದು, ಒಂದು ಅಂಚನ್ನಾದರೂ ತಾನೇ ಅರದಿಂದ ಸವರಿದ ವಿದ್ಯಾರ್ಥಿಯು ಬೆಳೆದು ದೊಡ್ಡವನಾದ ಮೇಲೆ ಆ ಮಳಿಗೆಯ ಮುಂದೆ ಹಾಗೆ ನಿಲ್ಲಲಾರನೆಂದು ನಮ್ಮ ನಂಬಿಕೆ. ಇದನ್ನು ಸಿದ್ಧಮಾಡಿ ತೋರಿಸುವ ಲೆಕ್ಕಪತ್ರ ನಮ್ಮಲ್ಲಿಲ್ಲ; ಆ ಭಾನುವಾರದ ಮೇಲೆ ನಮ್ಮ ಬಾಯಿ ಕಟ್ಟಿತೆಂಬುದೊಂದೇ ಆಧಾರ.

ಇನ್ನೊಂದು ನಷ್ಟವೂ ಉಂಟು. ಅದು ಕನ್ನಡ ಶಾಲೆಯಾದ ನಮಗೆ ವಿಶೇಷವಾಗಿ ತಟ್ಟಬೇಕು. ಕಾರ್ಖಾನೆಯ ಹಿರಿಯರು ಅರವನ್ನು ತೆಲುಗಿನಲ್ಲಿ ‘ಆಕುರಾಯಿ’ ಎಂದರು. ಅವರ ಪಕ್ಕದಲ್ಲಿ ಕುಳಿತವರು ‘ರೇತಿ’ ಎಂದರು. ನಮ್ಮೊಡನೆ ಬಂದಿದ್ದ ವಿದ್ಯಾರ್ಥಿಗಳಲ್ಲಿ ಕನ್ನಡದಲ್ಲಿ ಅದಕ್ಕೇನೆನ್ನುತ್ತಾರೆಂದು ಕೇಳಿದರೆ ಆ ಹುಡುಗಿಯೊಬ್ಬಳ ಹೊರತು ಯಾರೂ ‘ಅರ’ ಎನ್ನಲಿಲ್ಲ. ಅವಳಾದರೂ ಅದನ್ನು ಕಲಿತದ್ದು ಅಜ್ಜನಿಂದ, ಶಾಲೆಯಿಂದಲ್ಲ. ನಾವು ನಿಮಗೆ ಪ್ರಬಂಧ ಬರೆಸುವಾಗ ‘ಎರಕ ಹೊಯ್ದಂತೆ’, ‘ಪುಟವಿಟ್ಟ ಚಿನ್ನದಂತೆ’, ‘ಒರೆಗೆ ಹಚ್ಚಿ’, ‘ಸ್ನೇಹದ ಬೆಸುಗೆ’ ಎಂದು ಬರೆಸುತ್ತೇವೆ. ‘ಒಪ್ಪವಾಗಿ ಬರೆ’ ಎಂದು ದಿನವೂ ಗದರಿಸುತ್ತೇವೆ. ಈ ಮಾತುಗಳೆಲ್ಲ ಅಕ್ಕಸಾಲಿಗರ, ಕಂಚುಗಾರರ, ಕಮ್ಮಾರರ ಮನೆಯಿಂದ ಬಂದವು. ಎರಕವೆಂದರೆ ಕರಗಿದ ಲೋಹ. ಪುಟವೆಂದರೆ ಚಿನ್ನವನ್ನು ಶುದ್ಧಿಮಾಡುವ ಬೆಂಕಿ. ಒಪ್ಪವೆಂದರೆ ಕೊನೆಯ ಹೊಳಪು. ಮೂಸೆ, ತಿದಿ, ಕುಲುಮೆ, ತಂತಿಯನ್ನು ಎಳೆದು ತೆಳುಮಾಡುವ ಕಂಬಚ್ಚು ಇವನ್ನು ನಗರದ ನಮ್ಮ ಮಕ್ಕಳು ಕಂಡಿಲ್ಲ. ಕಾಣದ ವಸ್ತುವಿನ ಉಪಮೆಯನ್ನು ಬಾಯಿಪಾಠ ಮಾಡಿಸಿ, ಬಳಿಕ ಮಕ್ಕಳ ಬರವಣಿಗೆಯಲ್ಲಿ ಜೀವವಿಲ್ಲವೆಂದು ಗೊಣಗುವುದು ನ್ಯಾಯವೇ?

ಇದಕ್ಕೆ ಎದುರು ಮಾತುಗಳಿವೆ, ಅವುಗಳನ್ನು ನಾವು ಬಲ್ಲೆವು. ಯಂತ್ರಗಳ ಕಾಲದಲ್ಲಿ ಗರಗಸ ಹಿಡಿಸುವುದು ಹಳೆಯ ಕಾಲದ ಗೀಳೆಂದು ಒಬ್ಬ ಪೋಷಕರು ನಮಗೆ ಹೇಳಿದರು. ನಾವು ಯಂತ್ರದ ವೈರಿಗಳಲ್ಲ. ನಮ್ಮ ಸುತ್ತಣ ಊರೇ ಯಂತ್ರಗಳ ಊರು: ಪಕ್ಕದ ಲಾಲಾಗುಡದಲ್ಲಿ ನಿಜಾಮರ ಕಾಲದ ರೈಲ್ವೆಯು 1890ರ ದಶಕದಲ್ಲಿ ತೆರೆದ ಕಾರ್ಯಾಗಾರವಿದೆ; ಮೌಲಾಲಿ, ಕುಶಾಯಿಗುಡ, ನಾಚಾರಗಳಲ್ಲಿ ಕಬ್ಬಿಣ ಕತ್ತರಿಸುವ ಸದ್ದು ಹಗಲೆಲ್ಲ ಕೇಳುತ್ತದೆ. ಕಮಲದ ನಕ್ಷೆಯನ್ನು ಗಣಕಯಂತ್ರದಲ್ಲಿ ಬರೆದು, ಕಿರಣದ ವೇಗವನ್ನು ತಗಡಿನ ದಪ್ಪಕ್ಕೆ ಹೊಂದಿಸಿ ಕತ್ತರಿಸಿದವನು ನಮ್ಮ ವಿದ್ಯಾರ್ಥಿಯೇ ಆಗಿದ್ದಿದ್ದರೆ ಬಹುಮಾನವನ್ನು ಸಂತೋಷದಿಂದ ಅವನಿಗೇ ಬಿಡುತ್ತಿದ್ದೆವು; ಆ ಎಸಳಿನ ಅಲೆಯ ಕಾರಣವನ್ನೂ ಅವನು ಹೇಳುತ್ತಿದ್ದನು. ಕೈಗೂ ಯಂತ್ರಕ್ಕೂ ಇಲ್ಲಿ ಜಗಳವಿಲ್ಲ. ಮಾಡಿ ತಂದದ್ದಕ್ಕೂ ಕೊಂಡು ತಂದದ್ದಕ್ಕೂ ವ್ಯತ್ಯಾಸವುಂಟೋ ಇಲ್ಲವೋ ಎಂಬುದೊಂದೇ ಪ್ರಶ್ನೆ.

ಗಾಯವಾಗುವ ಭಯವನ್ನು ಮಾತ್ರ ನಾವು ಹಗುರವಾಗಿ ಕಾಣುವುದಿಲ್ಲ. ಅಲಗು ಮುರಿದು ಹಾರಬಹುದು. ಕೊಯ್ದ ತಗಡಿನ ಅಂಚು ಬೆರಳನ್ನು ಸೀಳಬಹುದು. ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಮೇಜಿನ ಬಳಿ ನಿಲ್ಲಿಸಕೂಡದು. ಲೋಹದ ಪುಡಿಯನ್ನು ಬಾಯಿಂದ ಊದಕೂಡದು, ಕುಂಚದಿಂದ ತೆಗೆಯಬೇಕು. ಒಬ್ಬ ಉಪಾಧ್ಯಾಯರು ಒಂದೇ ಕಾಲದಲ್ಲಿ ಎಂಟು ಹತ್ತು ಮಂದಿಗಿಂತ ಹೆಚ್ಚು ಜನರನ್ನು ನೋಡಿಕೊಳ್ಳಲಾರರು. ನಲವತ್ತು ಮಂದಿಯ ತರಗತಿಯನ್ನು ಹಾಗೆಯೇ ನುಗ್ಗಿಸುವುದಾದರೆ ನಾವೇ ಬೇಡವೆನ್ನುತ್ತೇವೆ.

ಪರೀಕ್ಷೆಗೆ ಬಾರದ ವಿದ್ಯೆಗೆ ವೇಳೆಯೆಲ್ಲಿ ಎಂಬುದು ಮೂರನೆಯ ಮಾತು, ಎಲ್ಲಕ್ಕಿಂತ ಗಟ್ಟಿಯಾದದ್ದು. ಕೈಗೆಲಸವನ್ನು ಪಾಠದ ನಡುವೆಯೇ ಇಡಬೇಕೆಂಬ ವಿಚಾರ ಈ ದೇಶದಲ್ಲಿ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಚರ್ಚೆಯಾಯಿತು. ಅದಕ್ಕೆ ಪಾಠಪಟ್ಟಿಯನ್ನು ರಚಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನರು, 1897ರಲ್ಲಿ ನಮ್ಮ ಇದೇ ಹೈದರಾಬಾದಿನಲ್ಲಿ ಹುಟ್ಟಿದವರು. ಫಿನ್ಲೆಂಡ್ ದೇಶವು ತನ್ನ ಜನತಾಶಾಲೆಗಳಲ್ಲಿ ಕೈಗೆಲಸವನ್ನು ಕಡ್ಡಾಯಮಾಡಿದ್ದು 1866ರಲ್ಲಿ. ಅಲ್ಲಿ ಅದು ಬೇರೂರಿತು. ಇಲ್ಲಿ ನೂಲುವ ತಕಲಿಯಾಗಿ ಬಂದು, ಕೆಲವು ಕಾಲವಿದ್ದು, ವೇಳಾಪಟ್ಟಿಯ ಮೂಲೆಗೆ ಸರಿದು, ಕೊನೆಗೆ ‘ಪ್ರಾಜೆಕ್ಟ್’ ಎಂಬ ಹೆಸರಿನಿಂದ ಲೇಖನಸಾಮಗ್ರಿಯ ಅಂಗಡಿಗೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ ಮೊದಲಾದ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದಿದೆ. ಹತ್ತು ದಿನ ಹೆಚ್ಚೇನಲ್ಲ. ಆದರೆ ಒಂದು ಮಾವಿನಕಾಯಿಗೆ ಸಾಕು.

ಆದಕಾರಣ ಈ ವರ್ಷದ ಪ್ರದರ್ಶನಕ್ಕೆ ನಿಯಮವನ್ನು ಬದಲಾಯಿಸಬೇಕೆಂದು ನಾವು ಮೂವರೂ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇವೆ. ವಸ್ತುವನ್ನು ತರುವವರು ಅದನ್ನು ಕತ್ತರಿಸಿ ಉಳಿದ ಚೂರುಗಳನ್ನೂ, ಕೆಟ್ಟುಹೋದ ಮೊದಲ ಯತ್ನವಿದ್ದರೆ ಅದನ್ನೂ ಜೊತೆಗೆ ತರತಕ್ಕದ್ದು. ತೀರ್ಪುಗಾರರ ಮುಂದೆ ಕೆಲಸದ ಯಾವುದಾದರೊಂದು ಭಾಗವನ್ನು ಕಾಲುಗಂಟೆ ಮಾಡಿ ತೋರಿಸತಕ್ಕದ್ದು. ಕೊಂಡ ಭಾಗವಿದ್ದರೆ ಇದನ್ನು ಕೊಂಡದ್ದೆಂದು ಚೀಟಿಯಲ್ಲಿ ಬರೆಯತಕ್ಕದ್ದು. ಅದಕ್ಕಾಗಿ ಅಂಕ ಕಳೆಯುವುದಿಲ್ಲ, ಹಾಗೆಂದು ಕೊಡುವುದೂ ಇಲ್ಲ. ತೀರ್ಪುಗಾರರು ಪ್ರತಿ ವಸ್ತುವನ್ನೂ ಮಗುಚಿ ಹಿಂಬದಿಯನ್ನು ನೋಡತಕ್ಕದ್ದು. ಈ ಕೊನೆಯ ನಿಯಮ ನಮಗಾಗಿ.

ಬಹುಮಾನವನ್ನು ಹಿಂದಕ್ಕೆ ಪಡೆಯಬೇಕೆಂದು ನಾವು ಹೇಳಿಲ್ಲ. ಕಮಲವನ್ನು ತಂದ ಹುಡುಗನೊಡನೆ ಮಾತನಾಡಿದೆವು. ಅವನು ಒಂದು ಕ್ಷಣ ಸುಮ್ಮನಿದ್ದು, ಗರಗಸ ಎಲ್ಲಿ ಸಿಕ್ಕುತ್ತದೆಂದು ಕೇಳಿದನು. ಹುಡುಗಿಯ ಅಂಕಪಟ್ಟಿಯಲ್ಲಿ ‘ಅಳತೆ ತಪ್ಪಿದೆ’ ಎಂಬ ನಮ್ಮ ಬರಹವನ್ನು ಹೊಡೆದುಹಾಕಿ, ಮೂವರೂ ಸಹಿ ಮಾಡಿದ್ದೇವೆ. ಮಾವಿನಕಾಯಿಯನ್ನು ಶಾಲೆಯ ಗಾಜಿನ ಬೀರುವಿನಲ್ಲಿ ಇಡಲು ಕೇಳಿದೆವು. ಆ ಮೂಲೆಯ ಗರಗಸದ ಗುರುತನ್ನು ತೆಗೆಯುವವರೆಗೆ ಕೊಡುವುದಿಲ್ಲವೆಂದು ಅವಳು ಹೇಳಿದ್ದಾಳೆ.

ದಾಸ್ತಾನು ಕೊಠಡಿಯ ಪಕ್ಕದ ಹಳೆಯ ಮೇಜೊಂದಕ್ಕೆ ಈಗ ಕವಲುಮರದ ತುಂಡನ್ನು ಬಿಗಿದಿದೆ. ಎರಡು ಗರಗಸದ ಚೌಕಟ್ಟುಗಳೂ ಒಂದು ಕಟ್ಟು ಅಲಗುಗಳೂ ಬಂದಿವೆ. ಅರಗಳು ಸಾಲದು. ನಿಮ್ಮ ಮನೆಗಳಲ್ಲಿ ಅಜ್ಜನ ಪೆಟ್ಟಿಗೆಯಲ್ಲಿಯೋ ಅಟ್ಟದ ಮೇಲೆಯೋ ಹಳೆಯ ಅರಗಳು ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೂ ಸರಿಯೆ, ತಂದುಕೊಡಿರಿ. ಹಿಡಿ ಇಲ್ಲದ್ದನ್ನು ಬರಿಗೈಯಲ್ಲಿ ಹಿಡಿದು ಉಪಯೋಗಿಸಿ ನೋಡಬೇಡಿರಿ. ಅದರ ಬಾಲ ಅಂಗೈಗೆ ನಾಟುತ್ತದೆ. ಹಿಡಿಯನ್ನು ನಾವು ಇಲ್ಲಿ ಹಾಕಿಸುತ್ತೇವೆ.